ಆಟದ ಪಟ್ಟು ಕೈಗೂಡುವ ಬಗೆ



ಸುಗ್ಗಿ ಮುಗಿದು ಜಾತ್ರೆಗಳು ಬಂದವೆಂದರೆ ನಮ್ಮ ಊರುಗಳಲ್ಲಿ ಕುಸ್ತಿ, ಕಬಡ್ಡಿ, ಗುಂಡುಕಲ್ಲು ಎತ್ತುವ ಪಂದ್ಯಗಳು ನಡೆಯುತ್ತವೆ. ಗದಗ-ಬೆಟಗೇರಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿರಲಿ, ಕಣದ ಸುತ್ತ ನೆರೆದವರಲ್ಲಿ ಒಂದು ಮಾತು ಕೇಳಿಬರುತ್ತದೆ: “ಇದು ಹುಟ್ಟಿನಿಂದ ಬರಬೇಕು, ನಮ್ಮ ಹುಡುಗನಿಗೆ ಎಲ್ಲಿಂದ ಬಂದೀತು?” ಈ ಮಾತು ಕೇಳಿ ಎಷ್ಟೋ ಮಕ್ಕಳು ಎರಡು ಸಲ ಸೋತ ಕೂಡಲೆ ಆಟ ಬಿಡುತ್ತಾರೆ. ಇನ್ನು ಕೆಲವರು ವರ್ಷವಿಡೀ ಸುಮ್ಮನಿದ್ದು, ಜಾತ್ರೆಗೆ ಎಂಟು ದಿನ ಉಳಿದಾಗ ಹಗಲೆಲ್ಲ ಮೈ ದಂಡಿಸಿ, ಕೈಕಾಲು ಉಳುಕಿಸಿಕೊಂಡು ಮನೆಗೆ ಬರುತ್ತಾರೆ. ಎರಡೂ ತಪ್ಪು. ಎತ್ತರ, ಮೈಕಟ್ಟುಗಳಲ್ಲಿ ಹುಟ್ಟಿನ ಪಾಲು ಇದೆ, ನಿಜ. ಆದರೆ ಕೌಶಲ್ಯವು ಕಲಿತು ಬರುವಂಥದು. ಅದನ್ನು ಕಲಿಯಲು ಒಂದು ಕ್ರಮವಿದೆ.

ಕಲಿಕೆಯ ಮೂರು ಹಂತ

ನೀವು ಮೊದಲ ಸಲ ಕೂರಿಗೆ ಹಿಡಿದ ದಿನವನ್ನು ನೆನೆಯಿರಿ. ಎತ್ತಿನ ಕಡೆ ನೋಡಿದರೆ ಸಾಲು ಸೊಟ್ಟ, ಸಾಲಿನ ಕಡೆ ನೋಡಿದರೆ ಎತ್ತು ಅಡ್ಡ. ಪ್ರತಿಯೊಂದನ್ನೂ ಯೋಚಿಸಿ ಮಾಡಬೇಕಾಗಿತ್ತು. ಇದು ಮೊದಲ ಹಂತ. ಕೆಲವು ದಿನ ಕಳೆದ ಮೇಲೆ ತಪ್ಪು ಕಡಿಮೆಯಾಯಿತು. ಎಲ್ಲಿ ತಪ್ಪಿದೆನೆಂಬುದು ನಿಮಗೇ ತಿಳಿಯತೊಡಗಿತು. ಇದು ಎರಡನೆಯ ಹಂತ. ಈಗ ಜೊತೆಯವರೊಡನೆ ಮಳೆಯ ಮಾತು ಆಡುತ್ತಲೇ ನೇರ ಸಾಲು ಹೊಡೆಯುತ್ತೀರಿ. ಇದು ಮೂರನೆಯ ಹಂತ. ಅಮೆರಿಕದ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು 1967ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಇದೇ ಮೂರು ಹಂತಗಳನ್ನು.

ಆದುದರಿಂದ ಮೊದಲ ಹಂತದಲ್ಲಿರುವ ಮಗುವಿಗೆ ಹತ್ತು ಮಾತು ಒಮ್ಮೆಲೆ ಹೇಳಬೇಡಿರಿ. ಮಾಡಿ ತೋರಿಸಿರಿ, ಒಂದೇ ಒಂದು ಮಾತು ತಿದ್ದಿರಿ. ಆ ಹಂತದ ತಪ್ಪುಗಳನ್ನು ನೋಡಿ “ಇವನಿಂದ ಆಗದು” ಎಂದು ತೀರ್ಮಾನಿಸಬೇಡಿರಿ.

ಕೌಶಲ್ಯದಲ್ಲಿ ಬಗೆಗಳು

ಎರಿ ಭೂಮಿಗೂ ಮಸಾರಿಗೂ ಒಂದೇ ಸಾಗುವಳಿ ಒಗ್ಗುವುದಿಲ್ಲ. ಅದರಂತೆ ಎಲ್ಲ ಆಟಕ್ಕೂ ಒಂದೇ ಅಭ್ಯಾಸ ಒಗ್ಗುವುದಿಲ್ಲ. ಗುಂಡುಕಲ್ಲು ಎತ್ತುವವನಿಗೆ, ಗುಂಡು ಎಸೆಯುವವನಿಗೆ ಯಾರೂ ಅಡ್ಡ ಬರುವುದಿಲ್ಲ. ತನಗೆ ಬೇಕಾದಾಗ ಆರಂಭಿಸುತ್ತಾನೆ. ಇವುಗಳನ್ನು ಮುಚ್ಚಿದ ಕೌಶಲ್ಯಗಳೆನ್ನುತ್ತಾರೆ. ಕುಸ್ತಿ, ಕಬಡ್ಡಿ, ಖೋಖೋಗಳಲ್ಲಿ ಎದುರಾಳಿ ಗಳಿಗೆಗೊಮ್ಮೆ ದಾರಿ ಬದಲಿಸುತ್ತಾನೆ. ಇವು ತೆರೆದ ಕೌಶಲ್ಯಗಳು.

ಇನ್ನೊಂದು ವಿಂಗಡಣೆಯೂ ಇದೆ. ಚೆಂಡು ಎಸೆಯುವುದಕ್ಕೆ ಆರಂಭ, ಕೊನೆ ಸ್ಪಷ್ಟವಾಗಿರುತ್ತವೆ. ಅದು ಬಿಡಿ ಕೌಶಲ್ಯ. ಉದ್ದ ಜಿಗಿತದಲ್ಲಿ ಓಟ, ನೆಗೆತ, ಇಳಿತ ಒಂದರ ಹಿಂದೆ ಒಂದು ಬರುತ್ತವೆ. ಅದು ಸರಣಿ ಕೌಶಲ್ಯ. ಓಟ, ಈಜು, ಸೈಕಲ್ ಸವಾರಿ ನಿರಂತರ ಕೌಶಲ್ಯಗಳು. ಕೂರಿಗೆ ಬಟ್ಟಲಿಗೆ ಬೀಜ ಬಿಡುವ ತಾಯಿಯ ಕೈಯಂತೆ ಅವುಗಳಿಗೆ ಒಂದು ಲಯವಿರುತ್ತದೆ.

ಅಭ್ಯಾಸ ಹೇಗಿರಬೇಕು?

1. ಮುಚ್ಚಿದ ಕೌಶಲ್ಯದಲ್ಲಿ ಸರಿಯಾದ ಭಂಗಿಯನ್ನು ಒಂದೇ ರೀತಿಯಾಗಿ ರೂಢಿಸಬೇಕು. ಕಲ್ಲು ಎತ್ತುವವರು ಹಗುರಾದ ಕಲ್ಲಿನಿಂದ ಆರಂಭಿಸಿ, ಭಂಗಿ ಸರಿಯಾದ ಮೇಲೆಯೇ ಭಾರ ಹೆಚ್ಚಿಸಲಿ.

2. ತೆರೆದ ಕೌಶಲ್ಯಕ್ಕೆ ಎದುರಾಳಿ ಬೇಕು. ಗರಡಿಯಲ್ಲಿ ಪಟ್ಟನ್ನು ಮೊದಲು ಸುಮ್ಮನೆ ನಿಂತ ಜೊತೆಗಾರನ ಮೇಲೆ ಕಲಿತು, ಬಳಿಕ ಬಿಡಿಸಿಕೊಳ್ಳಲು ಯತ್ನಿಸುವವನ ಮೇಲೆ ಹಾಕಬೇಕು. ಜೊತೆಗಾರನನ್ನು ಆಗಾಗ ಬದಲಿಸಬೇಕು. ಒಬ್ಬನೊಡನೆಯೇ ಆಡಿದವನಿಗೆ ಆ ಒಬ್ಬನ ಆಟ ಮಾತ್ರ ತಿಳಿದಿರುತ್ತದೆ.

3. ಸರಣಿ ಕೌಶಲ್ಯವನ್ನು ಬಿಡಿಸಿ ಕಲಿತು ಕೂಡಿಸಬಹುದು. ನಿರಂತರ ಕೌಶಲ್ಯವನ್ನು ಬಿಡಿಸಿದರೆ ಲಯ ಕೆಡುತ್ತದೆ. ಅದನ್ನು ನಿಧಾನವಾಗಿ, ಇಡಿಯಾಗಿ ಕಲಿಯುವುದು ಮೇಲು.

4. ದಿನಕ್ಕೆ ಸ್ವಲ್ಪ, ಆದರೆ ತಪ್ಪದೆ. ಇಂಗ್ಲೆಂಡಿನಲ್ಲಿ ಅಂಚೆ ನೌಕರರಿಗೆ ಬೆರಳಚ್ಚು ಕಲಿಸಿ ನೋಡಿ, ಅದರ ಫಲವನ್ನು 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದು ತಾಸು ಕಲಿತವರಿಗೆ ಅಕ್ಷರಗಳ ಜಾಗ ರೂಢಿಯಾಗಲು ಒಟ್ಟು ಸುಮಾರು 35 ತಾಸು ಹಿಡಿಯಿತು. ದಿನಕ್ಕೆ ನಾಲ್ಕು ತಾಸು ಕಲಿತವರಿಗೆ ಸುಮಾರು 50 ತಾಸು! ಮೊದಲಿನವರಿಗೆ ದಿನಗಳು ಹೆಚ್ಚು ಬೇಕಾದವು, ಶ್ರಮ ಕಡಿಮೆ ಸಾಕಾಯಿತು. ಒಂದೇ ದಿನ ಕೆರೆ ನೀರೆಲ್ಲ ಹರಿಸಿದರೆ ಪೈರು ಕುಡಿಯಲಾರದಷ್ಟೆ.

5. ಒಂದು ಪಟ್ಟು ತಕ್ಕಮಟ್ಟಿಗೆ ಬಂದ ಮೇಲೆ ಎರಡು ಮೂರು ಪಟ್ಟುಗಳನ್ನು ಕಲಸಿ ಅಭ್ಯಾಸ ಮಾಡಿಸಿರಿ. ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಕಂಡುಕೊಂಡಂತೆ, ಹೀಗೆ ಕಲಿತವರು ಅಭ್ಯಾಸದ ವೇಳೆ ಹಿಂದೆ ಬಿದ್ದರೂ ಮುಂದೆ ಪರೀಕ್ಷಿಸಿದಾಗ ಹೆಚ್ಚು ನೆನಪಿಟ್ಟಿದ್ದರು. ಅಭ್ಯಾಸದಲ್ಲಿ ತಪ್ಪಿದರೆ ಹೆದರಬೇಕಾದದ್ದಿಲ್ಲ.

6. ಪ್ರತಿ ಸಲವೂ ತಿದ್ದಬೇಡಿರಿ. “ಎಲ್ಲಿ ತಪ್ಪಿತು?” ಎಂದು ಮೊದಲು ಮಗುವನ್ನೇ ಕೇಳಿರಿ. ಕಣದಲ್ಲಿ ಅವನೊಬ್ಬನೇ ಇರುತ್ತಾನೆ, ನೀವಿರುವುದಿಲ್ಲ. ದಣಿದಾಗ ಬಿಡುವು, ರಾತ್ರಿ ತುಂಬ ನಿದ್ದೆ ಇರಲಿ. ನೋವಿದ್ದಾಗ ಆಡಿಸಬೇಡಿರಿ.

ನಮ್ಮೂರಿನದೇ ಮಾದರಿ

ದಿನನಿತ್ಯದ ಅಭ್ಯಾಸದ ಫಲ ನೋಡಲು ದೂರ ಹೋಗಬೇಕಾದುದಿಲ್ಲ. 1970ರಲ್ಲಿ ಗದಗಿನಲ್ಲಿ ಹುಟ್ಟಿದ ಸುನೀಲ ಜೋಶಿಯವರು ಬಾಲ್ಯದಲ್ಲಿ ನಸುಕಿನಲ್ಲೆದ್ದು, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಗದಗಿಗೆ ಮರಳುತ್ತಿದ್ದರು. 1996ರಲ್ಲಿ ಅವರು ಭಾರತದ ತಂಡಕ್ಕೆ ಆಡಿದರು. 1999ರ ಸಪ್ಟಂಬರದಲ್ಲಿ ಕೀನ್ಯಾ ದೇಶದ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ನು ಕೊಟ್ಟು 5 ವಿಕೆಟ್ ಪಡೆದರು. ಅವುಗಳಲ್ಲಿ 6 ಓವರುಗಳಲ್ಲಿ ಒಂದು ರನ್ನೂ ಬರಲಿಲ್ಲ! ಚೆಂಡನ್ನು ಕೈಯಿಂದ ತಿರುಗಿಸಿ ಬಿಡುವುದು ಮುಚ್ಚಿದ ಕೌಶಲ್ಯ. ಎದುರಿನ ಆಟಗಾರನ ಹೆಜ್ಜೆ ನೋಡಿ ಅದನ್ನು ಎಲ್ಲಿ ಬೀಳಿಸಬೇಕೆಂದು ನಿರ್ಧರಿಸುವುದು ತೆರೆದ ಕೌಶಲ್ಯ. ಬೌಲರನಿಗೆ ಎರಡೂ ಬೇಕು.

ಎಲ್ಲ ಮಕ್ಕಳೂ ದೇಶಕ್ಕಾಗಿ ಆಡಲಾರರು. ಆದರೆ ಸೋತ ಕೆಲಸವನ್ನು ಬಿಡದೆ, ತಪ್ಪು ಹುಡುಕಿ, ಮರುದಿನ ಮತ್ತೆ ಮಾಡುವ ರೂಢಿ ಹೊಲದಲ್ಲಿಯೂ ಓದಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದುದರಿಂದ ನಿಮ್ಮ ಮಗನಿಗೂ ಮಗಳಿಗೂ ದಿನಕ್ಕೆ ಅರ್ಧ ತಾಸು ಆಟಕ್ಕೆ ಬಿಡುವು ಕೊಡಿರಿ. ಮುಂದಿನ ಜಾತ್ರೆಯ ಸಿದ್ಧತೆ ಈ ಸಂಜೆಯಿಂದಲೇ ಆರಂಭವಾಗಲಿ.