ಬಾಲ ಹಿಡಿದು ರಿಪೋರ್ಟ್ ಓದಿ

ಹೊರರಾಜ್ಯದಲ್ಲಿರುವ ನಮ್ಮಂಥವರಿಗೆ ಊರಿಂದ ಬರುವ ವಾಟ್ಸ್‌ಆ್ಯಪ್ ಫೋಟೊಗಳಲ್ಲಿ ಎದೆ ಝಲ್ಲೆನ್ನಿಸುವುದು ಒಂದೇ, ಸ್ಕ್ಯಾನಿಂಗ್ ರಿಪೋರ್ಟ್. ಅದರ ಹಿಂದೆಯೇ ಅಮ್ಮನ ವಾಯ್ಸ್ ಮೆಸೇಜ್: ‘ಇದ್ರಾಗ ಏನ್ ಬರದಾರ ನೋಡಪಾ.’ ಗೂಗಲ್‌ನಲ್ಲಿ ಹುಡುಕಿದರೆ ಐದೇ ನಿಮಿಷದಲ್ಲಿ ಕ್ಯಾನ್ಸರ್ ತನಕ ಕರೆದೊಯ್ದು ನಿಲ್ಲಿಸುತ್ತದೆ.

ಕಳೆದ ವರ್ಷ ಗದಗದಿಂದ ಅಪ್ಪನ ರಿಪೋರ್ಟ್ ಪುಣೆಗೆ ಬಂದಾಗ ಅದರಲ್ಲಿದ್ದ ಪದ ‘ಕೋಲಿಲಿಥಿಯಾಸಿಸ್’. ವೈದ್ಯರು ಹೇಳಿದ ಚಿಕಿತ್ಸೆ ‘ಲ್ಯಾಪರೋಸ್ಕೋಪಿಕ್ ಕೋಲಿಸಿಸ್ಟೆಕ್ಟಮಿ’. ಬಿಡಿಸಿ ನೋಡಿದರೆ ಎರಡೂ ಗ್ರೀಕ್ ಮೂಲದ ಸಣ್ಣ ಸಣ್ಣ ಪದಗಳ ಸರ. ಕೋಲಿ ಎಂದರೆ ಪಿತ್ತ, ಲಿಥ್ ಎಂದರೆ ಕಲ್ಲು, ಸಿಸ್ಟ್ ಎಂದರೆ ಚೀಲ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು. ಸ್ಕೋಪ್ ಇದ್ದಲ್ಲಿ ನಳಿಕೆ ಹಾಕಿ ನೋಡುವುದು. ಅಮ್ಮನಿಗೆ ಫೋನಿನಲ್ಲಿ, ‘ಪಿತ್ತದ ಚೀಲದಾಗ ಹರಳ ಆಗ್ಯಾವ. ಸಣ್ಣ ತೂತ ಮಾಡಿ ಆ ಚೀಲಾನ ತಗೀತಾರ’ ಅಂದೆ. ‘ಇಷ್ಟ ಹೌದಿಲ್ಲೋ? ಅದಕ್ಯಾಕ ಅಷ್ಟುದ್ದ ಹೆಸರು?’ ಅಂದಳು. ಆ ರಾತ್ರಿ ಇಬ್ಬರೂ ನಿದ್ದೆ ಮಾಡಿದೆವು.

ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಎಷ್ಟೇ ಉದ್ದವಿರಲಿ, ಚುಕ್ಕಿಯ ನಂತರದ ಮೂರಕ್ಷರ ನೋಡಿ ಅದು ಚಿತ್ರವೋ ಹಾಡೋ ಎಂದು ಹೇಳುತ್ತೇವೆ. ಕನ್ನಡಿಗರಿಗಂತೂ ಈ ಅಭ್ಯಾಸ ಹುಟ್ಟಿನಿಂದಲೇ ಬಂದದ್ದು. ‘ಊರಿಗೆ’, ‘ಊರಿಂದ’: ಪ್ರತ್ಯಯ ಬದಲಾದರೆ ಬಸ್ಸಿನ ದಿಕ್ಕೇ ಬದಲು.

‘ಐಟಿಸ್’ ಬಂದರೆ ಉರಿಯೂತ. ಆರ್ಥ್ರೈಟಿಸ್ ಕೀಲಿನದು, ಗ್ಯಾಸ್ಟ್ರೈಟಿಸ್ ಜಠರದ್ದು. ಉರಿಯೂತವೆಂದರೆ ಸೋಂಕೇ ಆಗಬೇಕಿಲ್ಲ, ಹಾಗಾಗಿ ಪ್ರತಿ ಐಟಿಸ್‌ಗೂ ಆಂಟಿಬಯಾಟಿಕ್ ಕೇಳುವ ನಮ್ಮವರ ಚಟಕ್ಕೆ ಅರ್ಥವಿಲ್ಲ. ‘ಮೆಗಲಿ’ ಎಂದರೆ ದೊಡ್ಡದಾಗಿದೆ, ‘ಪೀನಿಯಾ’ ಎಂದರೆ ಕೊರತೆ. ಡೆಂಗಿ ರಿಪೋರ್ಟಿನ ಥ್ರಾಂಬೊಸೈಟೊಪೀನಿಯಾ ಎಂದರೆ ಪ್ಲೇಟ್‌ಲೆಟ್ ಕಡಿಮೆ, ಸಾಮಾನ್ಯವಾಗಿ ಒಂದೂವರೆ ಲಕ್ಷಕ್ಕಿಂತ ಕೆಳಗೆ. ‘ಈಮಿಯಾ’ ರಕ್ತಕ್ಕೆ ಸಂಬಂಧಿಸಿದ್ದು. ಅನೀಮಿಯಾಕ್ಕೆ ನಾವು ರಕ್ತಹೀನತೆ ಎನ್ನುತ್ತೇವಲ್ಲ, ಅದೇ ಗ್ರೀಕ್ ಪದದ ನೇರ ಕನ್ನಡ.

ಇಲ್ಲೊಂದು ಅಪಾಯವಿದೆ. ಹೈಪರ್‌ಗ್ಲೈಸೀಮಿಯಾ, ಹೈಪೊಗ್ಲೈಸೀಮಿಯಾ ಎರಡರ ಬಾಲವೂ ಒಂದೇ, ತಲೆ ಮಾತ್ರ ಬೇರೆ. ಒಂದರಲ್ಲಿ ರಕ್ತದ ಸಕ್ಕರೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಫೋನಿನಲ್ಲಿ ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ, ಮಾಡಬೇಕಾದ್ದು ಮಾತ್ರ ತದ್ವಿರುದ್ಧ. ಅದಕ್ಕೇ ಹೆಸರು ಬಿಟ್ಟು ಮೀಟರ್ ತೋರಿಸುವ ಸಂಖ್ಯೆ ಕೇಳಿ. 70ಕ್ಕಿಂತ ಕೆಳಗಿದ್ದು ಅವರಿಗೆ ಎಚ್ಚರವಿದ್ದರೆ ಮೊದಲು ಸಕ್ಕರೆ ನೀರು, ಆಮೇಲೆ ಉಳಿದ ಮಾತು.

ಅತಿ ಹೆಚ್ಚು ಹೆದರಿಸುವ ಬಾಲ ‘ಓಮಾ’. ಸಾಮಾನ್ಯವಾಗಿ ಗೆಡ್ಡೆ ಎಂದರ್ಥ, ಹಾಗೆಂದು ಎಲ್ಲವೂ ಕ್ಯಾನ್ಸರ್ ಅಲ್ಲ. ಲಿಪೋಮಾ ಕೊಬ್ಬಿನ ಗಂಟು, ಹೆಚ್ಚಾಗಿ ನಿರಪಾಯಕಾರಿ. ಹೆಮಟೋಮಾ ಎಂದರೆ ಶೇಖರಗೊಂಡ ರಕ್ತ. ಗ್ಲಾಕೋಮಾದಲ್ಲಂತೂ ಗೆಡ್ಡೆಯೇ ಇಲ್ಲ, ಅದು ಕಣ್ಣಿನ ನರದ ಕಾಯಿಲೆ. ಆದರೆ ಕಾರ್ಸಿನೋಮಾ, ಲಿಂಫೋಮಾ ಕ್ಯಾನ್ಸರ್‌ಗಳೇ. ಹೀಗಾಗಿ ಓಮಾ ಕಂಡಾಗ ನೀವೇ ತೀರ್ಪು ಕೊಡಬೇಡಿ, ವೈದ್ಯರಿಗೆ ಫೋನ್ ಮಾಡಿ.

ಹೃದಯದ ವಿಷಯದಲ್ಲಿ ಮನೆಮಂದಿ ಗೊಂದಲಗೊಳ್ಳುವುದು ಆಂಜಿಯೋಗ್ರಾಂ ಮತ್ತು ಆಂಜಿಯೋಪ್ಲಾಸ್ಟಿ ನಡುವೆ. ‘ಗ್ರಾಂ’ ಎಂದರೆ ಚಿತ್ರ, ರಕ್ತನಾಳವನ್ನು ನೋಡುವುದಷ್ಟೇ. ‘ಪ್ಲಾಸ್ಟಿ’ ಎಂದರೆ ಸರಿಪಡಿಸುವುದು.

ಇನ್ನೊಂದು ಜೋಡಿ ಕೊಲೆಕ್ಟಮಿ, ಕೊಲಾಸ್ಟಮಿ. ಕೊಲೆಕ್ಟಮಿಯಲ್ಲಿ ದೊಡ್ಡ ಕರುಳನ್ನು ಅಥವಾ ಅದರ ಭಾಗವನ್ನು ತೆಗೆಯುತ್ತಾರೆ. ಕೊಲಾಸ್ಟಮಿಯಲ್ಲಿ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡುತ್ತಾರೆ, ಮಲ ಹೊರಗಿನ ಚೀಲಕ್ಕೆ ಬರುತ್ತದೆ. ಒಪ್ಪಿಗೆ ಪತ್ರದಲ್ಲಿ ‘ಆಸ್ಟಮಿ’ ಕಂಡರೆ, ಅದು ಕೆಲವು ತಿಂಗಳಿಗೋ ಜೀವನಪೂರ್ತಿಗೋ ಎಂದು ಕೇಳಿ, ಅಪ್ಪ-ಅಮ್ಮನಿಗೆ ಕನ್ನಡದಲ್ಲಿ ತಿಳಿಸಿ, ಆಮೇಲೆ ಸಹಿ ಹಾಕಿಸಿ.