ಹಚ್ಚೆ: ಸೂಜಿಗಿಂತ ಮೊದಲು ಪ್ರಶ್ನೆ

"ಡಾಕ್ಟರೇ, ಹಚ್ಚೆ ಹಾಕಿಸಿಕೊಂಡರೆ ಅಪಾಯವಿದೆಯೇ?" ವೈದ್ಯರು ಭಾಗವಹಿಸುವ ಸಂವಾದ ಕಾರ್ಯಕ್ರಮಗಳಲ್ಲಿ ಯುವ ವೀಕ್ಷಕರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ. ಪ್ರಶ್ನೆ ಸರಳವಾಗಿದೆ, ಆದರೆ ಅದಕ್ಕೆ ಉತ್ತರ ಹೇಳುವುದು ಕಷ್ಟ. ಯಾವ ಸೂಜಿ, ಯಾವ ಬಣ್ಣ, ಯಾರ ಚರ್ಮ ಎಂಬುದು ತಿಳಿಯದೆ ವೈದ್ಯರು "ಎಚ್ಚರಿಕೆ ಇರಲಿ" ಎಂದಷ್ಟೇ ಹೇಳಬಲ್ಲರು.

ಈಗ ಇನ್ನೊಂದು ಪ್ರಶ್ನೆಯನ್ನು ನೋಡಿ: "ನಾಲ್ಕು ತಿಂಗಳ ಹಿಂದೆ ಹಚ್ಚೆ ಹಾಕಿಸಿಕೊಂಡೆ. ಕಪ್ಪು ಗೆರೆ ಸರಿಯಾಗಿದೆ. ಕೆಂಪು ಬಣ್ಣವಿರುವ ಕಡೆ ಮಾತ್ರ ಉಬ್ಬಿ ತುರಿಸುತ್ತಿದೆ. ಜ್ವರವಿಲ್ಲ. ಏನು ಕಾರಣವಿರಬಹುದು?" ಇಲ್ಲಿ ವೈದ್ಯರು ತಕ್ಷಣವೇ ಬಣ್ಣದ ಅಲರ್ಜಿಯ ಕಡೆಗೆ ಯೋಚಿಸುತ್ತಾರೆ. ಹಚ್ಚೆಯ ಬಣ್ಣಗಳಲ್ಲಿ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ಕೆಂಪು. ಎರಡನೆಯ ಪ್ರಶ್ನೆ ಕೇಳಿದವರು ವಿಜ್ಞಾನಿಯೇನೂ ಆಗಿರಬೇಕಿಲ್ಲ. ಅವರು ಕಂಡದ್ದನ್ನು ಕ್ರಮವಾಗಿ ಹೇಳಿದ್ದಾರೆ, ಅಷ್ಟೆ.

ಹಚ್ಚೆ ಹೊಸದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷ ಹಳೆಯ 'ಓಟ್ಸಿ' ಎಂಬ ಮನುಷ್ಯನ ದೇಹದ ಮೇಲೆ 61 ಹಚ್ಚೆ ಗುರುತುಗಳಿವೆ. ನಮ್ಮ ಹಳ್ಳಿಗಳಲ್ಲಿ ಕೊರವಂಜಿಯರು ಬಂದು, ಮಸಿಗೆ ಸೊಪ್ಪಿನ ರಸ ಕಲಸಿ, ಹೆಣ್ಣುಮಕ್ಕಳ ಕೈಗೆ ಹಚ್ಚೆ ಚುಚ್ಚುತ್ತಿದ್ದುದು ನಿಮ್ಮ ಅಜ್ಜಿಯರಿಗೆ ನೆನಪಿರಬಹುದು. ಆದರೆ ಇಂದಿನ ಹಚ್ಚೆಗೆ ವಿದ್ಯುತ್ ಯಂತ್ರವಿದೆ, ಕಾರ್ಖಾನೆಯಲ್ಲಿ ತಯಾರಾದ ಬಣ್ಣವಿದೆ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಎಂಬಾತ ಇಂತಹ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1891ರಲ್ಲಿ. ಸಾಧನ ಬದಲಾದಂತೆ ಕೇಳಬೇಕಾದ ಪ್ರಶ್ನೆಗಳೂ ಬದಲಾಗುತ್ತವೆ.

ಚರ್ಮದೊಳಗೆ ಏನಾಗುತ್ತದೆ?

ಒಳ್ಳೆಯ ಪ್ರಶ್ನೆ ಕೇಳಲು ವಿಷಯದ ಅಲ್ಪ ಪರಿಚಯವಾದರೂ ಬೇಕು. ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರಗಳು: ಹೊರಚರ್ಮ ಮತ್ತು ಒಳಚರ್ಮ. ಹೊರಚರ್ಮದ ಕೋಶಗಳು ಸತತವಾಗಿ ಉದುರಿ ಹೊಸದಾಗುತ್ತಿರುತ್ತವೆ. ಮದರಂಗಿಯ ಬಣ್ಣ ಈ ಹೊರಪದರಕ್ಕೆ ಅಂಟುವುದರಿಂದ ಎರಡು ಮೂರು ವಾರಗಳಲ್ಲಿ ಮಾಸಿಹೋಗುತ್ತದೆ. ಹಚ್ಚೆಯ ಸೂಜಿ ಇದನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಬಣ್ಣವನ್ನು ಇರಿಸುತ್ತದೆ.

ದೇಹ ಇದನ್ನು ಪರಕೀಯ ವಸ್ತುವೆಂದು ತಿಳಿದು ಭಕ್ಷಕ ಕೋಶಗಳನ್ನು ಕಳುಹಿಸುತ್ತದೆ. ಅವು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಲಾರವು. ಫ್ರಾನ್ಸಿನ ಮಾರ್ಸೇಲ್ ನಗರದ ವಿಜ್ಞಾನಿಗಳು ಇಲಿಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗ ಒಂದು ಸ್ವಾರಸ್ಯಕರ ಸಂಗತಿಯನ್ನು ತೋರಿಸಿತು. ಹಳೆಯ ಭಕ್ಷಕ ಕೋಶ ಸತ್ತಾಗ ಬಣ್ಣ ಹೊರಬೀಳುತ್ತದೆ, ಅಲ್ಲಿಗೆ ಬಂದ ಹೊಸ ಕೋಶ ಅದನ್ನೇ ಮತ್ತೆ ನುಂಗುತ್ತದೆ. ಕೋಶಗಳು ಬದಲಾಗುತ್ತಿದ್ದರೂ ಚಿತ್ರ ಉಳಿಯುವುದು ಹೀಗೆ. ಬಣ್ಣದ ಸ್ವಲ್ಪ ಭಾಗ ದುಗ್ಧಗ್ರಂಥಿಗಳಿಗೂ ಸೇರುತ್ತದೆ.

ಅಂದರೆ, ಹಚ್ಚೆ ಎಂಬುದು ಒಂದು ಗಾಯ, ಮತ್ತು ದೇಹದೊಳಗೆ ಬಹುಕಾಲ ಉಳಿಯುವ ಒಂದು ರಾಸಾಯನಿಕ. ಗಾಯದ ಬಗ್ಗೆ ಕೆಲವು ಪ್ರಶ್ನೆಗಳಿವೆ, ರಾಸಾಯನಿಕದ ಬಗ್ಗೆ ಬೇರೆ ಪ್ರಶ್ನೆಗಳಿವೆ.

ಸೂಜಿಯ ಬಗ್ಗೆ

ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್.ಐ.ವಿ. ರಕ್ತದ ಮೂಲಕ ಹರಡುವ ಸೋಂಕುಗಳು. ಇವುಗಳಲ್ಲಿ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಈ ರೋಗದ ಭಯದಿಂದಲೇ ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆ ಹಾಕುವುದನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1997ರಲ್ಲಿ.

"ಸೂಜಿ ಹೊಸದೇ?" ಎಂದು ಕೇಳಿದರೆ "ಹೌದು" ಎಂಬ ಉತ್ತರ ಯಾವ ಅಂಗಡಿಯಲ್ಲೂ ಸಿಗುತ್ತದೆ. ಅದರ ಬದಲು, ಉತ್ತರವನ್ನು ನೀವೇ ಕಣ್ಣಾರೆ ಕಾಣುವಂತಹ ಪ್ರಶ್ನೆ ಕೇಳಿ. "ಸೂಜಿಯ ಪೊಟ್ಟಣವನ್ನು ನನ್ನ ಎದುರಿಗೇ ಬಿಡಿಸುತ್ತೀರಾ? ಬಳಸಿದ ಸೂಜಿಯನ್ನು ಎಲ್ಲಿ ಹಾಕುತ್ತೀರಿ? ಮತ್ತೆ ಬಳಸುವ ಸಲಕರಣೆಗಳನ್ನು ಹೇಗೆ ಶುದ್ಧಿ ಮಾಡುತ್ತೀರಿ?" ಕೊನೆಯದಕ್ಕೆ "ಆಟೋಕ್ಲೇವ್" ಎಂದರೆ ಸರಿ. ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಕನಿಷ್ಠ 15 ನಿಮಿಷ ಇಡುವ ವಿಧಾನ ಅದು. "ಸ್ಪಿರಿಟ್‌ನಲ್ಲಿ ಒರೆಸುತ್ತೇವೆ" ಎಂದರೆ ಸಾಲದು.

ಬಣ್ಣದ ಬಗ್ಗೆ

ಸೂಜಿ ಶುದ್ಧವಾಗಿದ್ದರೆ ಎಲ್ಲವೂ ಸರಿ ಎಂದು ತಿಳಿಯಬಾರದು. 2011ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ರೋಚೆಸ್ಟರ್ ನಗರದಲ್ಲಿ ಹಚ್ಚೆ ಹಾಕಿಸಿಕೊಂಡ 19 ಜನರ ಚರ್ಮದಲ್ಲಿ, ವಾಸಿಯಾಗದ ಕೆಂಪು ಗುಳ್ಳೆಗಳು ಕಾಣಿಸಿಕೊಂಡವು. ಆರೋಗ್ಯ ಅಧಿಕಾರಿಗಳು ಕೇಳಿದ ಮುಖ್ಯ ಪ್ರಶ್ನೆ ಇದು: ಇವರೆಲ್ಲರಿಗೂ ಸಮಾನವಾದದ್ದು ಏನು? ಎಲ್ಲರಿಗೂ ಹಚ್ಚೆ ಹಾಕಿದ ಕಲಾವಿದ ಒಬ್ಬನೇ. ಆದರೆ ಪ್ರಶ್ನೆಯನ್ನು ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಆತ ಬಳಸಿದ್ದು ಮೊದಲೇ ಬೆರೆಸಿ ಮಾರುತ್ತಿದ್ದ ಬೂದು ಬಣ್ಣ. ಮೈಕೋಬ್ಯಾಕ್ಟೀರಿಯಂ ಚೆಲೋನೆ ಎಂಬ ಬ್ಯಾಕ್ಟೀರಿಯಾ ಆ ಬಣ್ಣ ಅಂಗಡಿಗೆ ಬರುವ ಮೊದಲೇ ಅದರಲ್ಲಿ ಸೇರಿತ್ತು. ಕಪ್ಪನ್ನು ತೆಳುಮಾಡಲು ಬಳಸಿದ ನೀರಿನಿಂದ ಅದು ಬಂದಿರಬೇಕೆಂದು ಶಂಕಿಸಲಾಯಿತು. ಕಲಾವಿದನನ್ನು ದೂರಿ ಸುಮ್ಮನಾಗಿದ್ದರೆ ಆ ಬಾಟಲಿ ಬೇರೆ ಊರುಗಳಲ್ಲಿ ಮಾರಾಟವಾಗುತ್ತಲೇ ಇರುತ್ತಿತ್ತು.

ಆದ್ದರಿಂದ ಕೇಳಿ: "ಬಾಟಲಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕ ಇವೆಯೇ? ಬಣ್ಣವನ್ನು ತೆಳುಮಾಡಲು ಏನನ್ನು ಬೆರೆಸುತ್ತೀರಿ? ನನಗಾಗಿ ಸುರಿದು ಉಳಿದ ಬಣ್ಣವನ್ನು ಏನು ಮಾಡುತ್ತೀರಿ?" ನಲ್ಲಿ ನೀರು ಬೆರೆಸುವುದಾಗಲಿ, ಉಳಿದದ್ದನ್ನು ಬಾಟಲಿಗೇ ಹಿಂದಿರುಗಿಸುವುದಾಗಲಿ ತಪ್ಪು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಬಣ್ಣಗಳಲ್ಲಿನ ಸಾವಿರಾರು ರಾಸಾಯನಿಕಗಳಿಗೆ ಮಿತಿ ವಿಧಿಸಿದೆ. ನಿಮ್ಮ ಬಾಟಲಿ ಆ ನಿಯಮಕ್ಕೆ ಒಳಪಟ್ಟದ್ದೇ ಎಂದೂ ಕೇಳಬಹುದು. ಜಾತ್ರೆ, ಪ್ರವಾಸದ ಸ್ಥಳಗಳಲ್ಲಿ ಹಚ್ಚುವ 'ಕಪ್ಪು ಮದರಂಗಿ'ಯ ಬಗ್ಗೆಯೂ ಎಚ್ಚರವಿರಲಿ. ಅದರಲ್ಲಿ ಕೂದಲಿನ ಬಣ್ಣದ ಪಿ.ಪಿ.ಡಿ. ರಾಸಾಯನಿಕವಿದ್ದರೆ ಚರ್ಮದಲ್ಲಿ ಬೊಕ್ಕೆಗಳೇಳಬಹುದು.

ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು

ಕೆಲವು ಪ್ರಶ್ನೆಗಳಿಗೆ ಉತ್ತರ ನಿಮ್ಮಲ್ಲೇ ಇರುತ್ತದೆ. ಹಿಂದೆ ಗಾಯವಾದಾಗ ಕಲೆ ಉಬ್ಬಿ ಬೆಳೆದಿತ್ತೇ? ಸಕ್ಕರೆ ಕಾಯಿಲೆ ಇದೆಯೇ? ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದೀರಾ? ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ಹಚ್ಚೆ ಬರುವ ಜಾಗದಲ್ಲಿ ಮಚ್ಚೆ ಇದೆಯೇ? ಇದ್ದರೆ ಅದನ್ನು ಮುಚ್ಚಬಾರದು. ಮುಂದೆ ಅದರಲ್ಲಾಗುವ ಬದಲಾವಣೆ ವೈದ್ಯರಿಗೆ ಕಾಣದೆ ಹೋಗುತ್ತದೆ.

ಮುಂದಿನ ದಿನಗಳನ್ನೂ ಯೋಚಿಸಿ. ನಮ್ಮ ದೇಶದ 2017ರ ರಕ್ತದಾನಿ ಆಯ್ಕೆಯ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸೇನಾ ನೇಮಕಾತಿಯಲ್ಲಿ ದೇಹದ ಯಾವ ಭಾಗದಲ್ಲಿ ಹಚ್ಚೆ ಇರಬಹುದು ಎಂಬುದಕ್ಕೆ ನಿಯಮಗಳಿವೆ. ಸೇನೆಯ ಕನಸಿರುವವರು ಆ ನಿಯಮವನ್ನು ಅಂಗಡಿಯವರಿಂದಲ್ಲ, ನೇಮಕಾತಿ ಪ್ರಕಟಣೆಯಿಂದಲೇ ತಿಳಿಯಬೇಕು. "ಬೇಡವಾದರೆ ಅಳಿಸಬಹುದಲ್ಲ?" ಎನ್ನುವವರು ಚರ್ಮರೋಗ ತಜ್ಞರನ್ನು ಕೇಳಲಿ. ಲೇಸರ್ ಕಿರಣ ಬಣ್ಣದ ಕಣಗಳನ್ನು ಒಡೆಯುತ್ತದೆ ನಿಜ. ಆದರೆ ಅದಕ್ಕೆ ವಾರಗಳ ಅಂತರದಲ್ಲಿ ಹಲವು ಸರದಿಗಳು ಬೇಕು. ಕಪ್ಪು ಬೇಗ ಮಾಸುತ್ತದೆ. ಹಳದಿ, ಹಸಿರು ಹಟ ಹಿಡಿಯುತ್ತವೆ. ಹದಿನೆಂಟು ತುಂಬದವರು ಕಾಯುವುದೇ ಲೇಸು.

ತೊಂದರೆಯಾದಾಗ ಕೇಳುವ ಬಗೆ

ಮೊದಲ ಕೆಲವು ದಿನ ಸ್ವಲ್ಪ ಕೆಂಪು, ಊತ ಇರುವುದು ಸಹಜ. ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಗೆಳೆಯರ ಸಲಹೆ ಕೇಳುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಿ. ಹೋಗುವ ಮೊದಲು ನಾಲ್ಕು ವಿಷಯ ಬರೆದುಕೊಳ್ಳಿ: ಹಚ್ಚೆ ಹಾಕಿಸಿದ ದಿನ, ತೊಂದರೆ ಶುರುವಾದ ದಿನ, ಯಾವ ಬಣ್ಣದ ಜಾಗದಲ್ಲಿ, ಇದುವರೆಗೆ ಏನು ಹಚ್ಚಿದಿರಿ. ಮನೆಯವರು ಬೈಯುತ್ತಾರೆಂದು ಇದರಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟ ಸಂಗತಿಯೇ ಎಷ್ಟೋ ಸಲ ಕಾಯಿಲೆಯ ಸುಳಿವಾಗಿರುತ್ತದೆ.

ಇಷ್ಟನ್ನು ಓದಿದ ಮೇಲೆ ಒಂದು ಹಾಳೆಯನ್ನು ಮೂರು ಭಾಗ ಮಾಡಿ, ಹಚ್ಚೆ ಹಾಕುವವರಿಗೆ, ವೈದ್ಯರಿಗೆ ಮತ್ತು ನಿಮಗೇ ಎಂದು ಪ್ರಶ್ನೆಗಳನ್ನು ಹಂಚಿ ಬರೆಯಿರಿ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ನಿಜವಾದ ಕಸಬುದಾರರು ಇಂತಹ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತಾರೆ. ಉತ್ತರಿಸದೆ ಸಿಡುಕಿದರೆ, ಮುಂಗಡ ಕೊಟ್ಟಿದ್ದರೂ ಎದ್ದು ಬನ್ನಿ.