ಅಲೆ ಹಿಂದೆ ಸರಿದ ಮೇಲೆ

ಸಹನೆಗೆ ಮತ್ತೊಂದು ಹೆಸರು ಭೂಮಿ ಎನ್ನುವುದು ವಾಡಿಕೆ. ಉತ್ತರೂ ಅಗೆದರೂ ಅವಳು ಮುನಿಯುವುದಿಲ್ಲ. ಬಿತ್ತಿದ ಒಂದು ಕಾಳಿಗೆ ನೂರು ಕಾಳು ಕೊಡುತ್ತಾಳೆ. ಅಂತಹ ಭೂಮಿಯೂ ಒಮ್ಮೊಮ್ಮೆ ಮೈ ಕೊಡವುವುದುಂಟು. ಆಗ ತಲೆಮಾರುಗಳ ದುಡಿಮೆಯಿಂದ ಎದ್ದು ನಿಂತ ಊರುಗಳು ಗಳಿಗೆಯೊಳಗೆ ನೆಲಸಮವಾಗುತ್ತವೆ. ಬಿದ್ದುದನ್ನು ಮತ್ತೆ ಎತ್ತಿ ನಿಲ್ಲಿಸುವ ಹೊಣೆ ಬದುಕಿ ಉಳಿದವರ ಮೇಲೆ ಬೀಳುತ್ತದೆ. ಮನೆಯಿಲ್ಲದೆ, ದೀಪವಿಲ್ಲದೆ, ಕುಡಿಯುವ ನೀರಿಲ್ಲದೆ ಕಳೆಯಬೇಕಾದ ಆ ದಿನಗಳಲ್ಲಿ ಜನರು ಹೇಗೆ ಬಾಳುತ್ತಾರೆ? ಒಬ್ಬರಿಗೊಬ್ಬರು ಹೇಗೆ ಆಸರೆಯಾಗುತ್ತಾರೆ? ಇದನ್ನು ಅರಿಯಬೇಕಾದರೆ ಜಪಾನ್ ದೇಶದ ಈಶಾನ್ಯ ಕರಾವಳಿಯಾದ ತೊಹೊಕು ಪ್ರದೇಶದ ಜನರ ಅನುಭವವನ್ನು ತಿಳಿಯಬೇಕು.

ಭೂಮಿಯ ಹೊರಚಿಪ್ಪು ಒಂದೇ ಅಖಂಡ ಹಾಳೆಯಲ್ಲ. ಅದು ಹಲವು ಬೃಹತ್ ಫಲಕಗಳಿಂದ ಕೂಡಿದೆ. ಜಪಾನಿನ ಪೂರ್ವಕ್ಕಿರುವ ಸಾಗರದ ಅಡಿಯಲ್ಲಿ ಪೆಸಿಫಿಕ್ ಫಲಕವು ವರ್ಷಕ್ಕೆ ಸುಮಾರು ೮ ಸೆಂಟಿಮೀಟರಿನಂತೆ ಪಶ್ಚಿಮಕ್ಕೆ ಸರಿಯುತ್ತ, ಜಪಾನನ್ನು ಹೊತ್ತಿರುವ ಫಲಕದ ಕೆಳಗೆ ನುಗ್ಗುತ್ತಿದೆ. ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುವ ಕಡೆ ಮೇಲಿನ ಫಲಕವು ಬಾಗಿದ ಬಿಲ್ಲಿನಂತೆ ಬಿಗಿದುಕೊಳ್ಳುತ್ತದೆ. ಬಿಗಿತ ಮಿತಿಮೀರಿದಾಗ ಕಚ್ಚು ಬಿಟ್ಟು, ಫಲಕವು ಥಟ್ಟನೆ ಹಿಂದಕ್ಕೆ ಸಿಡಿಯುತ್ತದೆ. ೨೦೧೧ನೆಯ ಇಸವಿ ಮಾರ್ಚ್ ೧೧ರ ಮಧ್ಯಾಹ್ನ ೨ ಗಂಟೆ ೪೬ ನಿಮಿಷಕ್ಕೆ ಆದುದು ಇದೇ. ಆ ಭೂಕಂಪದ ಪ್ರಮಾಣ ೯. ಜಪಾನಿನಲ್ಲಿ ಉಪಕರಣಗಳು ಅಳೆದಿರುವ ಭೂಕಂಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಸಾಗರದ ತಳ ಮೇಲೆದ್ದಾಗ ಅದರ ಮೇಲಿನ ಅಪಾರ ಜಲರಾಶಿಯೂ ಮೇಲೆದ್ದಿತು. ಹೀಗೆ ಹುಟ್ಟುವ ಅಲೆಯೇ ಸುನಾಮಿ. ಜಪಾನಿ ಭಾಷೆಯಲ್ಲಿ ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ನಡುಗಡಲಿನಲ್ಲಿ ಈ ಅಲೆ ವಿಮಾನದ ವೇಗದಲ್ಲಿ ಸಾಗಿದರೂ ಎತ್ತರ ಕಡಿಮೆಯಿರುವುದರಿಂದ ದೋಣಿಯಲ್ಲಿರುವವರ ಗಮನಕ್ಕೆ ಬಾರದೆ ಹೋಗಬಹುದು. ದಡ ಸಮೀಪಿಸಿದಂತೆ ಅದರ ವೇಗ ತಗ್ಗಿ, ಎತ್ತರ ಹೆಚ್ಚುತ್ತದೆ. ಭೂಕಂಪವಾದ ಅರ್ಧ ಗಂಟೆಯ ಸುಮಾರಿಗೆ ಮೊದಲ ದೊಡ್ಡ ಅಲೆಗಳು ಕರಾವಳಿಯನ್ನು ಮುಟ್ಟಿದವು. ಇಕ್ಕಟ್ಟಾದ ಕೊಲ್ಲಿಗಳಲ್ಲಿ ನೀರು ಬೆಟ್ಟದ ಇಳಿಜಾರಿನ ಮೇಲೆ ೪೦ ಮೀಟರಿನಷ್ಟು ಎತ್ತರದವರೆಗೂ ಏರಿತು. ಸುಮಾರು ೧೫,೯೦೦ ಜನರು ಸತ್ತರು. ಸುಮಾರು ೨,೫೦೦ ಜನರ ಸುಳಿವೇ ದೊರೆಯಲಿಲ್ಲ. ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಪೂರ್ತಿ ನಾಶವಾದವು. ಫುಕುಶಿಮಾ ದಾಯಿಚಿ ಪರಮಾಣು ವಿದ್ಯುತ್ ಸ್ಥಾವರಕ್ಕೂ ನೀರು ನುಗ್ಗಿ, ಸುತ್ತಲಿನ ೨೦ ಕಿಲೋಮೀಟರ್ ಪ್ರದೇಶದ ಜನರು ಊರು ಬಿಡಬೇಕಾಯಿತು.

ಈ ಕರಾವಳಿಯ ಜನರಿಗೆ ಸುನಾಮಿ ಹೊಸದಾಗಿರಲಿಲ್ಲ. ೧೮೯೬ರಲ್ಲಿ ಒಮ್ಮೆ, ೧೯೩೩ರಲ್ಲಿ ಮತ್ತೊಮ್ಮೆ ಅದು ಊರುಗಳನ್ನು ನುಂಗಿತ್ತು. ಆ ನೋವಿನಿಂದ ಹುಟ್ಟಿದ ಒಂದು ಮಾತು ‘ತೆಂದೆಂಕೊ’. ಅಲೆ ಬರುವ ಸೂಚನೆ ಕಂಡರೆ ಯಾರಿಗೂ ಕಾಯದೆ ಪ್ರತಿಯೊಬ್ಬರೂ ಎತ್ತರದ ಜಾಗಕ್ಕೆ ಓಡಬೇಕೆಂಬುದು ಅದರ ಭಾವ. ಮೇಲ್ನೋಟಕ್ಕೆ ಇದು ಸ್ವಾರ್ಥದ ಮಾತಿನಂತೆ ತೋರುತ್ತದೆ. ಆದರೆ ಅದರ ತಳದಲ್ಲಿ ನಂಬಿಕೆಯಿದೆ. ಮಗು ತಾನಾಗಿ ಓಡಿರುತ್ತದೆ ಎಂದು ತಾಯಿಗೆ ಗೊತ್ತಿದ್ದರೆ, ಅವಳು ಮಗುವನ್ನು ಹುಡುಕುತ್ತ ಕಡಲಿನ ಕಡೆಗೆ ಹೋಗುವುದಿಲ್ಲ. ತಾಯಿ ಓಡಿರುತ್ತಾಳೆ ಎಂದು ಗೊತ್ತಿದ್ದರೆ ಮಗು ಮನೆಗೆ ಹಿಂದಿರುಗುವುದಿಲ್ಲ. ಹೀಗೆ ಇಬ್ಬರೂ ಉಳಿಯುತ್ತಾರೆ.

ಕಮೈಶಿ ನಗರದ ಉನೊಸುಮೈ ಎಂಬಲ್ಲಿ ಒಂದು ಮಾಧ್ಯಮಿಕ ಶಾಲೆಯೂ ಒಂದು ಪ್ರಾಥಮಿಕ ಶಾಲೆಯೂ ಅಕ್ಕಪಕ್ಕದಲ್ಲಿದ್ದವು. ಗುನ್ಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತೊಷಿತಾಕಾ ಕತಾದಾ ಅವರು ಹಲವು ವರ್ಷಗಳಿಂದ ಆ ನಗರದ ಶಾಲೆಗಳಲ್ಲಿ ಮೂರು ಸೂತ್ರಗಳನ್ನು ಕಲಿಸುತ್ತ ಬಂದಿದ್ದರು: ಮೊದಲೇ ಮಾಡಿಟ್ಟ ಅಂದಾಜನ್ನು ಕುರುಡಾಗಿ ನಂಬಬಾರದು, ಆ ಹೊತ್ತಿಗೆ ಸಾಧ್ಯವಾದುದೆಲ್ಲವನ್ನೂ ಮಾಡಬೇಕು, ತಾನೇ ಮುಂದಾಗಿ ಓಡಿ ಇತರರಿಗೆ ದಾರಿ ತೋರಬೇಕು. ನೆಲ ನಡುಗಿದೊಡನೆ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳು ಓಡಿದರು. ಕಟ್ಟಡದ ಮೇಲಂತಸ್ತಿಗೆ ಏರಿದ್ದ ಪ್ರಾಥಮಿಕ ಶಾಲೆಯ ಮಕ್ಕಳು ಅವರನ್ನು ಕಂಡು ಕೆಳಗಿಳಿದು ಹಿಂಬಾಲಿಸಿದರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಮೊದಲು ಸೇರಿದ ಜಾಗ ಸಾಲದೆಂದು ತೋರಿದಾಗ ಇನ್ನೂ ಮೇಲಕ್ಕೆ, ಅದೂ ಸಾಲದೆಂದಾಗ ಮತ್ತೂ ಮೇಲಕ್ಕೆ ಹೋದರು. ಎರಡು ಶಾಲೆಗಳ ಕಟ್ಟಡಗಳೂ ಮುಳುಗಿದವು. ಓಡಿದ ಮಕ್ಕಳು ಬದುಕಿದರು. ಜನರು ಇದನ್ನು ಪವಾಡವೆಂದು ಕೊಂಡಾಡಿದರು. ನಿಜವಾಗಿ ಅದು ಅಭ್ಯಾಸದ ಫಲ.

ಅದೇ ದಿನ ಇಷಿನೊಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ನಡೆದುದು ಇದಕ್ಕೆ ತೀರ ಬೇರೆಯಾದುದು. ಎಲ್ಲಿಗೆ ಹೋಗಬೇಕೆಂಬ ನಿಶ್ಚಯವಿಲ್ಲದೆ ಮಕ್ಕಳನ್ನು ಅಂಗಳದಲ್ಲಿಯೇ ಸುಮಾರು ೫೦ ನಿಮಿಷ ನಿಲ್ಲಿಸಿಕೊಳ್ಳಲಾಯಿತು. ಶಾಲೆಯ ಹಿಂದೆಯೇ ಗುಡ್ಡವಿತ್ತು. ೭೪ ಮಕ್ಕಳೂ ೧೦ ಮಂದಿ ಶಿಕ್ಷಕರೂ ಅಲೆಗೆ ಬಲಿಯಾದರು. ಮುಂಚಿತವಾಗಿ ಸಿದ್ಧತೆ ಮಾಡದಿದ್ದುದು ಆಡಳಿತದ ಲೋಪವೆಂಬ ತೀರ್ಪನ್ನು ೨೦೧೯ರಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯವು ಉಳಿಸಿತು. ಆಪತ್ತು ಬಂದ ಮೇಲೆ ಯೋಚಿಸಲು ಕಾಲವಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷ್ಯ ಬೇಕಿಲ್ಲ.

ಆ ಸಂಜೆ ಹಲವೆಡೆ ಹಿಮ ಸುರಿಯಿತು. ಉಟ್ಟ ಬಟ್ಟೆಯಲ್ಲಿ ಬಂದವರು ಶಾಲೆಗಳ ವ್ಯಾಯಾಮ ಮಂದಿರಗಳಲ್ಲಿ, ಸಮುದಾಯ ಭವನಗಳಲ್ಲಿ, ದೇಗುಲಗಳಲ್ಲಿ ಸೇರಿಕೊಂಡರು. ಕೆಲವೇ ದಿನಗಳಲ್ಲಿ ಆಶ್ರಯ ಪಡೆದವರ ಸಂಖ್ಯೆ ನಾಲ್ಕು ಲಕ್ಷ ಎಪ್ಪತ್ತು ಸಾವಿರದಷ್ಟಾಯಿತು. ಮೊದಲ ರಾತ್ರಿಗಳಲ್ಲಿ ಒಂದು ಅನ್ನದ ಉಂಡೆಯನ್ನು ಹಲವರು ಹಂಚಿಕೊಂಡು ತಿಂದುದೂ ಉಂಟು. ವೃದ್ಧರಿಗೆ ಮತ್ತು ಮಕ್ಕಳಿಗೆ ಮೊದಲು ಕೊಟ್ಟು, ಉಳಿದವರು ಸಾಲಿನಲ್ಲಿ ಕಾದರು. ಮುಂದಿನ ದಿನಗಳಲ್ಲಿ ಒಂದು ವ್ಯವಸ್ಥೆ ತಾನಾಗಿಯೇ ಮೂಡಿತು. ಊಟ ಸಿದ್ಧಪಡಿಸುವವರ ಗುಂಪೊಂದು, ನೀರು ಹೊರುವವರ ಗುಂಪೊಂದು, ಶುಚಿಗೊಳಿಸುವವರ ಗುಂಪೊಂದು ಎಂದು ಕೆಲಸ ಹಂಚಿಕೆಯಾಯಿತು. ಶಾಲೆಯ ಈಜುಕೊಳದ ನೀರು ಶೌಚಾಲಯಗಳಿಗೆ ಬಳಕೆಯಾಯಿತು. ರಟ್ಟಿನ ಹಾಳೆಗಳು ಗೋಡೆಗಳಾದವು. ಎಲ್ಲರೂ ಕೂಡಿ ಬೆಳಗಿನ ವ್ಯಾಯಾಮ ಮಾಡುವ ರೂಢಿಯೂ ಹಲವೆಡೆ ಮರಳಿತು. ಕೆಲಸವೆಂಬುದು ಇಲ್ಲಿ ಹೊಟ್ಟೆಗಷ್ಟೇ ಸಂಬಂಧಿಸಿರಲಿಲ್ಲ. ಎಲ್ಲವನ್ನೂ ಕಳೆದುಕೊಂಡವನಿಗೆ ‘ನಾಳೆ ಬೆಳಿಗ್ಗೆ ನೀರು ತರುವ ಸರದಿ ನಿನ್ನದು’ ಎಂಬ ಮಾತು ನಾಳೆ ಎಂಬುದೊಂದಿದೆ ಎಂಬ ಭರವಸೆಯನ್ನು ಕೊಡುತ್ತಿತ್ತು.

ಜಪಾನಿನಲ್ಲಿ ಶಾಲಾವರ್ಷವು ಮಾರ್ಚ್ ತಿಂಗಳಲ್ಲಿ ಮುಗಿಯುತ್ತದೆ. ಬೀಳ್ಕೊಡುಗೆ ಸಮಾರಂಭ ನಡೆಯಬೇಕಾಗಿದ್ದ ಮಂದಿರಗಳಲ್ಲಿ ಈಗ ಸಂತ್ರಸ್ತರು ಮಲಗಿದ್ದರು. ಆದರೂ ಹಲವು ಶಾಲೆಗಳು ಸಮಾರಂಭವನ್ನು ಕೈಬಿಡಲಿಲ್ಲ. ಆಶ್ರಯ ಪಡೆದವರ ನಡುವೆಯೇ ಮಕ್ಕಳು ಪ್ರಮಾಣಪತ್ರ ಪಡೆದರು. ಹೊಸ ಬಟ್ಟೆಯಿರಲಿಲ್ಲ, ಕೆಲವು ಆಸನಗಳು ಶಾಶ್ವತವಾಗಿ ತೆರವಾಗಿದ್ದವು.

ಅನ್ನ ನೀರಿನಷ್ಟೇ ಅಗತ್ಯವಾದುದು ಸುದ್ದಿ. ಯಾರು ಬದುಕಿದ್ದಾರೆ, ವೈದ್ಯರು ಎಲ್ಲಿ ಸಿಗುತ್ತಾರೆ, ನೀರಿನ ಗಾಡಿ ಎಲ್ಲಿಗೆ ಬರುತ್ತದೆ ಎಂಬುದು ತಿಳಿಯದಿದ್ದರೆ ಗಾಳಿಮಾತು ಹಬ್ಬುತ್ತದೆ. ಇಷಿನೊಮಾಕಿಯ ಸ್ಥಳೀಯ ದಿನಪತ್ರಿಕೆ ‘ಇಷಿನೊಮಾಕಿ ಹಿಬಿ ಶಿಂಬುನ್’ನ ಮುದ್ರಣಯಂತ್ರ ನೀರಿನಲ್ಲಿ ಮುಳುಗಿತ್ತು, ವಿದ್ಯುತ್ತೂ ಇರಲಿಲ್ಲ. ಪತ್ರಿಕೆಯವರು ಅಚ್ಚಿನ ಕಾಗದವನ್ನು ಕತ್ತರಿಸಿ, ದಪ್ಪ ಮಸಿಯ ಲೇಖನಿಗಳಿಂದ ಕೈಯಲ್ಲಿಯೇ ಸುದ್ದಿ ಬರೆದರು. ಮಾರ್ಚ್ ೧೨ರಿಂದ ಆರು ದಿನ ಈ ಗೋಡೆಪತ್ರಿಕೆಗಳು ಆಶ್ರಯ ಕೇಂದ್ರಗಳಲ್ಲಿ ಕಾಣಿಸಿಕೊಂಡವು. ಸರಿಯಾದ ಮಾಹಿತಿಯನ್ನು ಅರಿತು ನಡೆಯಿರಿ ಎಂಬುದು ಮೊದಲ ಸಂಚಿಕೆಯ ಕರೆಯಾಗಿತ್ತು.

ಹೊಟ್ಟೆಪಾಡಿನ ಪ್ರಶ್ನೆ ಬೇಗನೆ ಎದುರಾಯಿತು. ಮಿಯಾಕೊ ನಗರದ ಒಮೊಯೆ ಎಂಬ ಮೀನುಗಾರರ ಪ್ರದೇಶದಲ್ಲಿ ನೂರಾರು ದೋಣಿಗಳು ಕೊಚ್ಚಿಹೋಗಿ ಬೆರಳೆಣಿಕೆಯಷ್ಟು ಉಳಿದವು. ದೋಣಿ ಉಳಿದವನು ದುಡಿದು, ಉಳಿದವರು ಊರು ಬಿಡುವುದು ಸಹಜವಾಗಿತ್ತು. ಅಲ್ಲಿಯ ಸಹಕಾರ ಸಂಘವು ಬೇರೆ ದಾರಿ ಹಿಡಿಯಿತು. ಉಳಿದ ದೋಣಿಗಳನ್ನೂ ಹೊಸದಾಗಿ ದೊರೆತವುಗಳನ್ನೂ ಎಲ್ಲರೂ ಕೂಡಿ ಬಳಸುವುದು, ಬಂದ ಆದಾಯವನ್ನು ಸಮನಾಗಿ ಹಂಚಿಕೊಳ್ಳುವುದು ಎಂದು ತೀರ್ಮಾನವಾಯಿತು. ಒಬ್ಬನ ದೋಣಿ ಊರಿನ ದೋಣಿಯಾಯಿತು.

ಆಶ್ರಯ ಕೇಂದ್ರದಿಂದ ಮುಂದಿನ ಹೆಜ್ಜೆ ತಾತ್ಕಾಲಿಕ ಮನೆ. ಸರ್ಕಾರವು ೫೦ ಸಾವಿರಕ್ಕೂ ಹೆಚ್ಚು ಪುಟ್ಟ ಮನೆಗಳನ್ನು ಕಟ್ಟಿಸಿತು. ಇಲ್ಲಿ ೧೯೯೫ರ ಕೋಬೆ ಭೂಕಂಪದ ಕಹಿ ಅನುಭವ ಕಣ್ಣ ಮುಂದಿತ್ತು. ಕೋಬೆಯಲ್ಲಿ ವೃದ್ಧರಿಗೆ ಆದ್ಯತೆ ಕೊಟ್ಟು ಚೀಟಿ ಎತ್ತಿ ಮನೆಗಳನ್ನು ಹಂಚಲಾಗಿತ್ತು. ಉದ್ದೇಶವೇನೋ ಒಳ್ಳೆಯದೇ. ಆದರೆ ಹಳೆಯ ನೆರೆಹೊರೆಯವರು ಚದುರಿಹೋದರು. ಅಪರಿಚಿತರ ನಡುವೆ ಒಂಟಿಯಾಗಿ, ಯಾರ ಗಮನಕ್ಕೂ ಬಾರದೆ ಸತ್ತವರು ಇನ್ನೂರಕ್ಕೂ ಹೆಚ್ಚು. ತಲೆಯ ಮೇಲೊಂದು ಸೂರು ಸಿಕ್ಕಿದರೆ ಸಾಲದು, ಬಾಗಿಲು ತಟ್ಟುವವರೂ ಬೇಕು ಎಂಬುದು ಆಗ ತಿಳಿಯಿತು. ಆದುದರಿಂದ ೨೦೧೧ರ ಬಳಿಕ ಇವಾನುಮಾ ನಗರದಂತಹ ಕಡೆಗಳಲ್ಲಿ ಒಂದು ಕೇರಿಯ ಜನರನ್ನು ಒಟ್ಟಾಗಿಯೇ ತಾತ್ಕಾಲಿಕ ಮನೆಗಳಿಗೆ ಕಳುಹಿಸಲಾಯಿತು. ಮುಂದೆ ಆ ನಗರದ ಕಡಲಂಚಿನ ಆರು ಹಳ್ಳಿಗಳ ಜನರು ತಾವೇ ಕೂಡಿ ಚರ್ಚಿಸಿ, ಒಳನಾಡಿನಲ್ಲಿ ಹೊಸ ಊರು ಕಟ್ಟಿಕೊಂಡರು. ಹಲವು ಬಡಾವಣೆಗಳಲ್ಲಿ ಎಲ್ಲರೂ ಸೇರಿ ಚಹಾ ಕುಡಿಯುವ ಕೂಟಗಳು ಆರಂಭವಾದವು. ಕೂಟಕ್ಕೆ ಬಾರದವರ ಮನೆಗೆ ಯಾರಾದರೂ ಹೋಗಿ ಕ್ಷೇಮ ವಿಚಾರಿಸುತ್ತಿದ್ದರು.

ಇಷ್ಟಾದರೂ ಎಲ್ಲವೂ ಸುಗಮವಾಗಿತ್ತೆಂದು ತಿಳಿಯಬಾರದು. ಚಳಿ, ಔಷಧಿಯ ಕೊರತೆ, ಊರಿಂದೂರಿಗೆ ಅಲೆದಾಟ ಇವುಗಳಿಂದ ಅಲೆಯ ಬಾಯಿಂದ ಪಾರಾದ ವೃದ್ಧರು ಅನೇಕರು ಅನಂತರ ಸತ್ತರು. ಹೀಗೆ ಸತ್ತವರೆಂದು ಗುರುತಿಸಲಾದವರ ಸಂಖ್ಯೆ ೩,೭೦೦ನ್ನು ಮೀರಿದೆ. ಫುಕುಶಿಮಾ ಪ್ರಾಂತದಲ್ಲಂತೂ ಈ ಸಂಖ್ಯೆ ಸುನಾಮಿಗೆ ನೇರವಾಗಿ ಬಲಿಯಾದವರ ಸಂಖ್ಯೆಗಿಂತ ದೊಡ್ಡದು. ಹೆಂಗಸರಿಗೆ ಬಟ್ಟೆ ಬದಲಿಸಲು, ಕೂಸಿಗೆ ಹಾಲೂಡಿಸಲು ಮರೆಯಿಲ್ಲದ ಕೇಂದ್ರಗಳಿದ್ದವು. ತಾಳ್ಮೆಯನ್ನು ಹೊಗಳುವವರು ತಾಳ್ಮೆಯಿಂದ ಸುಮ್ಮನಿದ್ದವರ ಕಷ್ಟವನ್ನೂ ಕೇಳಬೇಕು. ಕೇಳದೆ ಹೋದರೆ ಸಹಾಯವು ಗಟ್ಟಿಯಾಗಿ ಕೂಗಬಲ್ಲವರಿಗೆ ಮಾತ್ರ ತಲುಪುತ್ತದೆ.

ನೆರವು ಹೊರಗಿನಿಂದಲೂ ಹರಿದುಬಂದಿತು. ಜಪಾನಿನ ರಕ್ಷಣಾ ಪಡೆಯ ಸುಮಾರು ಒಂದು ಲಕ್ಷ ಮಂದಿ ಶೋಧಕಾರ್ಯಕ್ಕೂ ಪರಿಹಾರಕ್ಕೂ ನಿಂತರು. ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ೪೬ ಮಂದಿಯ ತಂಡವು ಒನಗಾವಾ ಪಟ್ಟಣದಲ್ಲಿ ಅವಶೇಷಗಳ ನಡುವೆ ಶೋಧ ನಡೆಸಿತು. ಆ ಪಡೆ ಹೊರದೇಶದಲ್ಲಿ ಸೇವೆ ಸಲ್ಲಿಸಿದುದು ಅದೇ ಮೊದಲು. ದೇಶದ ನಾನಾ ಕಡೆಗಳಿಂದ ಬಂದ ಸ್ವಯಂಸೇವಕರು ಮನೆಗಳಿಂದ ಕೆಸರು ಎತ್ತಿದರು. ಆ ಕೆಸರಿನಲ್ಲಿ ಸಿಕ್ಕಿದ ಛಾಯಾಚಿತ್ರಗಳನ್ನು ಒಂದೊಂದಾಗಿ ತೊಳೆದು, ಒಣಗಿಸಿ, ಒಡೆಯರು ಬಂದು ಗುರುತಿಸಲೆಂದು ಜೋಡಿಸಿಟ್ಟವರೂ ಉಂಟು. ಮನೆ ಕಳೆದುಕೊಂಡವರಿಗೆ ಮದುವೆಯ ಒಂದು ಚಿತ್ರ, ಮಗುವಿನ ಒಂದು ಚಿತ್ರ ಮರಳಿ ದೊರೆತರೆ ಆ ಬೆಲೆಯನ್ನು ಹಣದಲ್ಲಿ ಎಣಿಸಲಾಗದು.

ಒಮೊಯೆಯ ಅನೆಯೊಷಿ ಎಂಬ ಚಿಕ್ಕ ಹಳ್ಳಿಯಲ್ಲಿ ಒಂದು ಕಲ್ಲಿದೆ. ೧೯೩೩ರ ಸುನಾಮಿಯ ಅನಂತರ ಹಿರಿಯರು ಅದನ್ನು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿರೆಂದು ಕೆತ್ತಿಸಿದರು. ಮಕ್ಕಳು ಮೊಮ್ಮಕ್ಕಳು ಆ ಮಾತನ್ನು ಪಾಲಿಸಿದರು. ೨೦೧೧ರ ಅಲೆ ಕಲ್ಲಿನ ಕೆಳಗೇ ನಿಂತಿತು; ಹಳ್ಳಿಯ ಮನೆಗಳು ಉಳಿದವು. ಇಂತಹ ಕಲ್ಲುಗಳು ಆ ಕರಾವಳಿಯಲ್ಲಿ ನೂರಾರು ಇವೆ. ಓದಿ ಮರೆತ ಊರುಗಳೂ ಇವೆ.

ಭೂಕಂಪವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅದು ಬರುವ ದಿನವನ್ನು ಮೊದಲೇ ಹೇಳುವ ವಿದ್ಯೆಯೂ ಇನ್ನೂ ಸಿದ್ಧಿಸಿಲ್ಲ. ಹಿರಿಯರ ಅನುಭವವನ್ನು ನೆನಪಿಡುವುದು, ಓಡುವ ದಾರಿಯನ್ನು ಮೊದಲೇ ನಡೆದು ನೋಡುವುದು, ಪಕ್ಕದ ಮನೆಯಲ್ಲಿ ನಡೆಯಲಾರದ ಮುದುಕರಿದ್ದಾರೆಯೇ ಎಂದು ತಿಳಿದಿರುವುದು, ಇದ್ದುದರಲ್ಲಿ ಹಂಚಿಕೊಳ್ಳುವುದು ಇವು ಮಾತ್ರ ಅವನ ಕೈಯಲ್ಲಿವೆ. ತೊಹೊಕುವಿನ ಜನರನ್ನು ಕಷ್ಟದ ದಿನಗಳಲ್ಲಿ ಕಾಪಾಡಿದುದು ಇಂತಹ ಸಾಮಾನ್ಯ ಕೆಲಸಗಳು. ಅವುಗಳನ್ನು ಕಲಿಯಲು ವಿಪತ್ತಿಗಾಗಿ ಕಾಯಬೇಕಾಗಿಲ್ಲ; ನೆಮ್ಮದಿಯ ದಿನಗಳಲ್ಲಿ ಬೆಳೆದ ನೆರೆಹೊರೆಯ ಬಾಂಧವ್ಯವೇ ಆಪತ್ತಿನ ದಿನ ಆಸರೆಯಾಗುತ್ತದೆ.